ಪರೇಲಿನ ನೇಯ್ಗೆ

ಟಿಶ್ಯೂ ಎಂಬುದಕ್ಕೆ ಕನ್ನಡದಲ್ಲಿ ಅಂಗಾಂಶ ಎನ್ನುತ್ತೇವೆ, ಅಂಗದ ಒಂದು ಅಂಶ. ಮರಾಠಿಯಲ್ಲಿ ಅದು ಊತಿ, ಅಂದರೆ ನೇಯ್ಗೆ. ಮೂಲದ ಫ್ರೆಂಚ್ ಪದದ ಅರ್ಥವೂ ನೇಯ್ದದ್ದು ಎಂದೇ. ಪ್ಯಾರಿಸ್ಸಿನ ಬಿಷಾ 1801ರಲ್ಲಿ ಸೂಕ್ಷ್ಮದರ್ಶಕದ ಹಂಗಿಲ್ಲದೆ 21 ಅಂಗಾಂಶಗಳನ್ನು ಗುರುತಿಸಿದ್ದ. ಎಲ್ಲ ಪ್ರಾಣಿಗಳ ದೇಹವೂ ಜೀವಕೋಶಗಳಿಂದಾದದ್ದು ಎಂದು ಶ್ವಾನ್ ಹೇಳಿದ್ದು 1839ರಲ್ಲಿ.

ಮುಂಬೈಯಲ್ಲಿ ಈ ವಿದ್ಯೆ ಬೆಳೆದದ್ದು ಬಟ್ಟೆ ಗಿರಣಿಗಳ ನಡುವಿನ ಪರೇಲಿನಲ್ಲಿ. 1941ರಲ್ಲಿ ಅಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆಯಿತು. ಅಲ್ಲಿನ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಅವರ ಶಿಷ್ಯೆ ಕಮಲ್ ರಣದಿವೆ ಬಾಲ್ಟಿಮೋರಿನಲ್ಲಿ ಜಾರ್ಜ್ ಗೇ ಬಳಿ ಕಲಿತು ಮರಳಿದರು. ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯ ಕಟ್ಟಿದರು. ನಮಗೆ ಆ ಹೆಸರು ಬಾಳೆ ಸಸಿಯಿಂದ ಪರಿಚಿತ. ಅವರು ಬೆಳೆಸಿದ್ದು ಪ್ರಾಣಿಕೋಶಗಳನ್ನು.

ಕೋಶಗಳು ರಾಶಿಬಿದ್ದ ಮಾತ್ರಕ್ಕೆ ಅಂಗಾಂಶವಾಗದು. ಮೈಮೇಲಿನ ಕ್ಯಾಡ್ಹೆರಿನ್ ಎಂಬ ಪ್ರೋಟೀನುಗಳು, ಕ್ಯಾಲ್ಸಿಯಂ ಇದ್ದರೆ, ತಮ್ಮಂಥವನ್ನೇ ಹಿಡಿದುಕೊಳ್ಳುತ್ತವೆ. ಸುತ್ತಲಿನ ಕೊಲಾಜೆನ್ ಎಳೆಗಳನ್ನೂ ಕೋಶಗಳೇ ಸ್ರವಿಸುತ್ತವೆ. ಹಾಸುಹೊಕ್ಕು ಎರಡೂ ಅವುಗಳದೇ. ಹಲವು ಕ್ಯಾನ್ಸರುಗಳಲ್ಲಿ ಈ ಹಿಡಿತ ಸಡಿಲವಾಗಿ ಕೋಶಗಳು ಬೇರೆಡೆ ಹರಡುತ್ತವೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮರಾಠಿಯ ಪೇಶಿ ಎಂದರೆ ಜೀವಕೋಶ. ನಮ್ಮ ಮಾಂಸಪೇಶಿಯ ನೆನಪಿನಲ್ಲಿ, ರೋಗಿಗಳ ಕೈಪಿಡಿಯೊಂದರ ಕರಡಿನಲ್ಲಿ ಅದನ್ನು ಸ್ನಾಯು ಎಂದುಬಿಟ್ಟೆ. ಓದಿ ನೋಡಲು ಕೊಟ್ಟಾಗ ಕಲಬುರಗಿಯಿಂದ ಚಿಕಿತ್ಸೆಗೆ ಬಂದಿದ್ದ ಹೆಂಗಸೊಬ್ಬರು ಕೇಳಿದರು: “ನಂಗ ಎದಿ ಗಂಟು ಅಂದಾರ. ಇಲ್ಲಿ ಸ್ನಾಯು ಅಂತ ಅದಲ್ರೀ?”

ಅಂದೇ ತಿದ್ದಿದೆ. ಪದದ ಎಳೆ ತಪ್ಪಿದರೆ ಹೆದರುವವರು ಬೇರೆಯವರು.