ಲೆಕ್ಕ ಗೊತ್ತಿಲ್ಲದ ಲಿವರ್

ಬರ್ಮಿಂಗ್‌ಹ್ಯಾಮಿನ ನಮ್ಮ ಮನೆಯ ಶೆಡ್ಡಿನಲ್ಲಿ 1970ರ ದಶಕದ ಒಂದು ಫ್ರೆಂಚ್ ಸೈಕಲ್ಲಿದೆ. ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡದ್ದು. ಅದರ ಸಿಂಪ್ಲೆಕ್ಸ್ ಗೇರ್ ಲಿವರ್ ಪ್ಲಾಸ್ಟಿಕ್ಕಿನದು. ವಯಸ್ಸಾಗಿತ್ತು, ಒಂದು ಏರಿನಲ್ಲಿ ಬುಡದಲ್ಲೇ ಸೀಳಿತು. ಅಂಗಡಿಯವನು ನೋಡಿ, "ಈಗ ಸಿಗುವುದು ಕ್ಲಿಕ್ ಲಿವರ್. ಅದನ್ನು ಹಾಕಿದರೆ ಡಿರೇಲರ್, ಚೈನ್, ಹಿಂದಿನ ಚಕ್ರ ಎಲ್ಲವನ್ನೂ ಬದಲಾಯಿಸಬೇಕು" ಎಂದ. ಸೈಕಲ್ಲಿಗೆ ಕೊಟ್ಟದ್ದಕ್ಕಿಂತ ಅದರ ಖರ್ಚೇ ಹೆಚ್ಚು. ಒಂದು ಲಿವರ್ ಮುರಿದರೆ ಇಷ್ಟೆಲ್ಲ ಯಾಕೆ?

ಡಿರೇಲರ್ ಎಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಪಕ್ಕದ್ದಕ್ಕೆ ದಾಟಿಸುವ ಸಲಕರಣೆ. ಅದರ ಸ್ಪ್ರಿಂಗ್ ಸದಾ ಕೇಬಲ್ಲನ್ನು ಎಳೆಯುತ್ತಿರುತ್ತದೆ. ಹಳೆಯ ಲಿವರಿನಲ್ಲಿ ಆ ಎಳೆತವನ್ನು ತಡೆಹಿಡಿಯುವುದು ಒಂದು ತಿರುಪು, ಅದು ಬಿಗಿದಿಟ್ಟ ವಾಷರುಗಳ ಘರ್ಷಣೆ, ಅಷ್ಟೇ. ಎಷ್ಟು ಎಳೆಯಬೇಕೆಂಬುದು ಸವಾರನ ಕೈಗೂ ಕಿವಿಗೂ ಬಿಟ್ಟದ್ದು. ಲಿವರಿಗೆ ಲೆಕ್ಕ ಗೊತ್ತಿಲ್ಲದ ಕಾರಣಕ್ಕೇ ಫ್ರಾನ್ಸಿನ ಸಿಂಪ್ಲೆಕ್ಸ್, ಇಟಲಿಯ ಕಂಪಾನ್ಯೋಲೊ, ಜಪಾನಿನ ಸನ್‌ಟೂರ್ ಭಾಗಗಳು ಒಂದೇ ಸೈಕಲ್ಲಿನಲ್ಲಿ ಹೊಂದಿಕೊಂಡು ಬಾಳುತ್ತಿದ್ದವು.

1964ರಲ್ಲಿ ಸನ್‌ಟೂರ್ ಓರೆ ಚೌಕಟ್ಟಿನ ಡಿರೇಲರ್ ತಂದಿತು. ಚೈನನ್ನು ನಡೆಸುವ ಪುಟ್ಟ ಗಾಲಿ ಈಗ ದೊಡ್ಡ, ಸಣ್ಣ ಹಲ್ಲುಚಕ್ರಗಳೆಲ್ಲಕ್ಕೂ ಸಮೀಪದಲ್ಲೇ ಚಲಿಸತೊಡಗಿತು. ಅದರ ಪೇಟೆಂಟ್ 1984ರಲ್ಲಿ ಮುಗಿಯಿತು. ಅದೇ ವರ್ಷ ಶಿಮಾನೊ ತನ್ನ ಡ್ಯೂರಾ ಏಸ್ ಸರಣಿಯಲ್ಲಿ ಇಂಥದೇ ಓರೆ ಚೌಕಟ್ಟನ್ನು ಕ್ಲಿಕ್ ಲಿವರಿನ ಜೊತೆ ಸೇರಿಸಿತು. ಒಂದು ಕ್ಲಿಕ್ಕಿಗೆ ಇಂತಿಷ್ಟೇ ಕೇಬಲ್, ಒಂದೇ ಗೇರ್. ಅನುಕೂಲ ನಿಜವಾದದ್ದೇ, ಹೊಸಬರೂ ತಪ್ಪಿಲ್ಲದೆ ಗೇರ್ ಬದಲಿಸಿದರು. ಆದರೆ ಲಿವರಿನ ಎಳೆತ, ಡಿರೇಲರಿನ ಚಲನೆ, ಹಲ್ಲುಚಕ್ರಗಳ ನಡುವಿನ ಅಂತರ ಮೂರೂ ತಾಳೆಯಾಗಲೇಬೇಕಾಯಿತು. ಆ ಡ್ಯೂರಾ ಏಸ್ ಲಿವರಿನ ಲೆಕ್ಕ ಅದೇ ಕಂಪನಿಯ ಬೇರೆ ಸರಣಿಗಳ ಡಿರೇಲರಿಗೂ ಕೂಡುತ್ತಿರಲಿಲ್ಲ.

ಸ್ವಾರಸ್ಯವೆಂದರೆ, ಆ ಕಾಲದ ಕ್ಲಿಕ್ ಲಿವರುಗಳಲ್ಲಿ ಒಂದು ಪುಟ್ಟ ಉಂಗುರವಿತ್ತು. ತಿರುಗಿಸಿದರೆ ಕ್ಲಿಕ್ ಮಾಯ, ಮತ್ತೆ ಹಳೆಯ ಘರ್ಷಣೆ. ಹೊಸದನ್ನು ಮಾರಿದವರೇ ಹಳೆಯ ಬಾಗಿಲನ್ನು ಪೂರ್ತಿ ಮುಚ್ಚಿರಲಿಲ್ಲ.

ನಾನು ಆ ಬಾಗಿಲಿನಿಂದಲೇ ಒಳಹೊಕ್ಕೆ. ಅದೇ ಸಂತೆಯಲ್ಲಿ ಐದು ಪೌಂಡಿಗೆ ಹಳೆಯ ಸನ್‌ಟೂರ್ ಲಿವರುಗಳ ಜೋಡಿ ಸಿಕ್ಕಿತು. ಸೀಮೆಎಣ್ಣೆಯಲ್ಲಿ ತೊಳೆದು, ವಾಷರುಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿದೆ. ಅದರ ಕ್ಲಾಂಪು 28.6 ಮಿಲಿಮೀಟರ್ ಕೊಳವೆಗೆ ಮಾಡಿದ್ದು; ಫ್ರೆಂಚ್ ಕೊಳವೆ 28. ತಂಪುಪಾನೀಯದ ಡಬ್ಬಿಯಿಂದ ತೆಳುವಾದ ಪಟ್ಟಿ ಕತ್ತರಿಸಿ, ಅಂತರ ತುಂಬುವವರೆಗೆ ಸುತ್ತಿ ಬಿಗಿದೆ. ಡಿರೇಲರ್, ಚೈನ್, ಚಕ್ರ ಇದ್ದವೇ ಉಳಿದವು.

ಹಾಗೆ ಪಟ್ಟಿ ಸುತ್ತುವಾಗ ಹಾಸನದ ಬಾಡಿಗೆ ಸೈಕಲ್ ಅಂಗಡಿ ನೆನಪಾಯಿತು. ಗೇರೇ ಇಲ್ಲದ ಸೈಕಲ್ಲುಗಳು. ಒಂದರ ಪೆಡಲ್ ಇನ್ನೊಂದಕ್ಕೆ, ಅದರ ಬೆಲ್ಲು ಮತ್ತೊಂದಕ್ಕೆ. "ಇದು ಯಾವ ಕಂಪನೀದಣ್ಣ?" ಎಂದು ಕೇಳಿದರೆ ಅಂಗಡಿಯಣ್ಣ, "ಓಡುತ್ತಲ್ಲಪ್ಪ, ತಗೊಂಡು ಹೋಗು" ಎನ್ನುತ್ತಿದ್ದ.

ನನ್ನದೂ ಈಗ ಓಡುತ್ತದೆ. ಏರಿನಲ್ಲಿ ಚೈನು ಗೊರಗೊರ ಎಂದರೆ ಲಿವರನ್ನು ಕೂದಲೆಳೆಯಷ್ಟು ಸರಿಸುತ್ತೇನೆ, ಸದ್ದು ನಿಲ್ಲುತ್ತದೆ.