ಬಿಡಾರದಿಂದ ಬಿಡಾರಕ್ಕೆ: ಹಾವೇರಿ ಸೀಮೆಯ ತಂಗುದಾಣಗಳ ಚರಿತ್ರೆ

ಬೇಸಿಗೆ ರಜೆಯಲ್ಲಿ ಮನೆಯಂತಹ ವಾಹನವೊಂದರಲ್ಲಿ ಹೊರಟು, ದಿನಕ್ಕೊಂದು ಊರಿನ ಬಯಲಿನಲ್ಲಿ ತಂಗುವ ಪ್ರವಾಸ ಅಮೆರಿಕ, ಯುರೋಪುಗಳಲ್ಲಿ ಜನಪ್ರಿಯ. ಭಾರತದಲ್ಲೂ ಇದಕ್ಕೆ ಉತ್ತೇಜನ ದೊರೆಯುತ್ತಿದೆ. ಕೇರಳ ಸರಕಾರ 2021ರಲ್ಲಿ ಇದಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಇಂತಹ ತಂಗುದಾಣಕ್ಕೆ ಏನೇನು ಬೇಕು? ನೀರು, ಶಕ್ತಿಯ ಪೂರೈಕೆ, ಕಸ-ಮಲಿನಗಳ ವಿಲೇವಾರಿ, ಮತ್ತು ಹಿಂದಿನ ತಂಗುದಾಣದಿಂದ ಅನುಕೂಲವಾದ ದೂರ. ಈ ನಾಲ್ಕು ಪ್ರಶ್ನೆಗಳನ್ನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಜನ ಮೋಟಾರು ಬರುವುದಕ್ಕೆ ಬಹಳ ಮೊದಲೇ ಬಿಡಿಸಿದ್ದರು. ಹೇಗೆಂದು ನೋಡೋಣ.

ಎತ್ತು ನಿರ್ಧರಿಸಿದ ದೂರ

ಮೊದಲು ದೂರದ ಲೆಕ್ಕ. ಸುಮಾರು 400 ಕಿಲೋಗ್ರಾಂ ತೂಕದ ಎತ್ತು ತನ್ನ ತೂಕದ ಹತ್ತನೇ ಒಂದು ಭಾಗದಷ್ಟು, ಎಂದರೆ ಸುಮಾರು 400 ನ್ಯೂಟನ್ ಬಲದಿಂದ, ಗಂಟೆಗಟ್ಟಲೆ ಎಳೆಯಬಲ್ಲದು. ವೇಗ ಸೆಕೆಂಡಿಗೆ 0.8 ಮೀಟರ್ ಎನ್ನಿ. ಬಲ ಮತ್ತು ವೇಗಗಳ ಗುಣಲಬ್ಧವೇ ಸಾಮರ್ಥ್ಯ: 320 ವಾಟ್. ಜೋಡೆತ್ತಿಗೆ 640 ವಾಟ್. ಅದು ಒಂದು ಅಶ್ವಶಕ್ತಿಗಿಂತಲೂ ಕಡಿಮೆ. ಎತ್ತು ಮೆಲುಕು ಹಾಕುವ ಪ್ರಾಣಿ. ಮೇಯುವುದಕ್ಕೂ ಮೆಲುಕು ಹಾಕುವುದಕ್ಕೂ ಅದಕ್ಕೆ ದಿನದ ಅರ್ಧಕ್ಕಿಂತ ಹೆಚ್ಚು ಕಾಲ ಬೇಕು. ಹೀಗಾಗಿ ದಿನಕ್ಕೆ ಐದಾರು ಗಂಟೆಗಳ ನಡಿಗೆಯೆಂದರೆ 15ರಿಂದ 18 ಕಿಲೋಮೀಟರ್ ಮಾತ್ರ.

ಈಗ ನಕ್ಷೆ ತೆರೆಯಿರಿ. ರಾಣೆಬೆನ್ನೂರಿನಿಂದ ಹಾವೇರಿಗೆ ಸುಮಾರು 33 ಕಿಲೋಮೀಟರ್. ಚಕ್ಕಡಿಗೆ ಅದು ಎರಡು ದಿನಗಳ ಹಾದಿ. ಹೆಚ್ಚುಕಡಿಮೆ ನಡುವೆ ಮೋಟೆಬೆನ್ನೂರು. ಅಲ್ಲಿಂದ ಬ್ಯಾಡಗಿಗೆ ದಾರಿ ಕವಲೊಡೆಯುತ್ತದೆ. ಇಂದು ಕಾರಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಈ ಹಾದಿಯಲ್ಲಿ ಅಂದು ಒಂದು ರಾತ್ರಿಯ ಬಿಡಾರ ಅನಿವಾರ್ಯ. ಎತ್ತಿಗೆ ಮೇವೇ ಇಂಧನ. ಆದ್ದರಿಂದ ಕೆರೆ, ತೋಪು, ಹುಲ್ಲುಗಾವಲು ಇದ್ದ ಕಡೆಯೇ ಬಿಡಾರ. ಹಾವೇರಿಯ ಹೆಗ್ಗೇರಿಯಂತಹ ಕೆರೆಗಳನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಸೈನ್ಯವೂ ತಾಂಡಾವೂ

ಸೈನ್ಯಗಳಿಗೂ ಇದೇ ನಿಯಮ. 1800ರಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ. ಜೂನ್ 27ರಂದು ರಾಣೆಬೆನ್ನೂರಿನ ಕೋಟೆಯನ್ನು ಹಿಡಿದ. ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕ್ ಇವನೇ. ಇಂತಹ ಸೈನ್ಯಕ್ಕೆ ಅಕ್ಕಿ, ಕಾಳು ಒದಗಿಸುತ್ತಿದ್ದವರು ಹೇರೆತ್ತುಗಳ ಸಾಲಿನೊಡನೆ ಸಂಚರಿಸುತ್ತಿದ್ದ ಲಂಬಾಣಿಗರು. ಅವರ ಸಂಚಾರಿ ಗುಂಪಿಗೇ ತಾಂಡಾ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಪಕ್ಕಾ ರಸ್ತೆಗಳು ಬಂದವು. ಹರಿಹರದ ಸೇತುವೆ 1868ರಲ್ಲಿ ಮುಗಿಯಿತು. ಆಮೇಲೆ ರೈಲೂ ಬಂತು. ಹೇರೆತ್ತಿನ ವ್ಯಾಪಾರ ಕುಸಿಯಿತು. ಅಷ್ಟೇ ಅಲ್ಲ, 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕಾಲದಲ್ಲಿ ಅಲೆಮಾರಿ ಬದುಕನ್ನೇ ಸಂಶಯದಿಂದ ಕಾಣಲಾಯಿತು. ಆ ಕಾಯಿದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ. ಚಲಿಸುತ್ತಿದ್ದ ತಾಂಡಾ ನೆಲೆನಿಂತಿತು. ಇಂದು ತಾಂಡಾ ಎಂದರೆ ಒಂದು ಊರು. ಪದದ ಅರ್ಥ ಬದಲಾದ ಬಗೆಯಲ್ಲೇ ಒಂದು ಚರಿತ್ರೆ ಅಡಗಿದೆ.

ತಂಗಿದವರಿಗೇ ಬಾಡಿಗೆ

ಇಂದಿಗೂ ಚಲಿಸುತ್ತಿರುವ ಬಿಡಾರ ಕುರಿಗಾಹಿಗಳದು. ಸುಗ್ಗಿ ಮುಗಿದು ಹೊಲಗಳು ಬರಿದಾದಾಗ ಸಂಚಾರಿ ಕುರಿಗಾಹಿಗಳು ಹಿಂಡುಗಳೊಂದಿಗೆ ಹೊಲದಿಂದ ಹೊಲಕ್ಕೆ ಸಾಗುತ್ತಾರೆ. ಇಲ್ಲಿ ಒಂದು ಸ್ವಾರಸ್ಯವಿದೆ. ಪ್ರವಾಸಿಗರ ತಂಗುದಾಣದಲ್ಲಿ ತಂಗಿದವರು ಹಣ ಕೊಡುತ್ತಾರೆ. ಇಲ್ಲಿ ಹೊಲದ ಒಡೆಯನೇ ಕುರಿಗಾಹಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ! ಏಕೆ?

ಒಂದು ಕುರಿ ರಾತ್ರಿಗೆ ಅರ್ಧ ಕಿಲೋಗ್ರಾಂ ಹಿಕ್ಕೆ ಹಾಕುತ್ತದೆಂದು ಹಿಡಿಯೋಣ. 500 ಕುರಿಗಳಿಂದ 250 ಕಿಲೋಗ್ರಾಂ; ನಾಲ್ಕು ರಾತ್ರಿಗಳಲ್ಲಿ ಒಂದು ಟನ್. ಸಾಗಣೆಯ ಖರ್ಚಿಲ್ಲ, ಹರಡುವ ಕೂಲಿಯೂ ಇಲ್ಲ. ಇದರ ಜೊತೆಗೆ ನೈಟ್ರೋಜನ್ನಿನಿಂದ ಸಮೃದ್ಧವಾದ ಮೂತ್ರ ನೇರವಾಗಿ ಮಣ್ಣಿಗೆ ಸೇರುತ್ತದೆ. ಆಧುನಿಕ ತಂಗುದಾಣಕ್ಕೆ ತಲೆನೋವಾಗಿರುವ ಮಲಿನವೇ ಇಲ್ಲಿ ಸರಕು.

ಕುರಿಗಾಹಿಯ ಹೊದಿಕೆ, ಹಾಸಿಗೆ, ಮಳೆಯಂಗಿ ಎಲ್ಲವೂ ಕಂಬಳಿಯೇ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಂಬಳಿ ನೇಯ್ಗೆಗೆ ಹೆಸರಾದ ಊರು. ಉಣ್ಣೆಯ ಸುರುಳಿ ಎಳೆಗಳ ನಡುವೆ ಗಾಳಿ ಸೆರೆಯಾಗುತ್ತದೆ. ನಿಶ್ಚಲ ಗಾಳಿ ಉಷ್ಣದ ಅವಾಹಕ. ಉಣ್ಣೆ ತನ್ನ ಒಣ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಳ್ಳಬಲ್ಲದು. ಹೀರುವಾಗ ಸ್ವಲ್ಪ ಉಷ್ಣವನ್ನೂ ಬಿಡುಗಡೆ ಮಾಡುತ್ತದೆ. ಬಯಲಿನಲ್ಲಿ ಇಬ್ಬನಿ ಬೀಳುವ ರಾತ್ರಿ ಕಂಬಳಿ ಬೆಚ್ಚಗಿರುವುದರ ಗುಟ್ಟು ಇದೇ.

ಕಿರಿದಾಗುತ್ತಿರುವ ದಾರಿ

ಇಂತಹ ಬಿಡಾರಕ್ಕೆ ಬೇಕಾದ ಬಯಲು ಮಾತ್ರ ಕಡಿಮೆಯಾಗುತ್ತಿದೆ. ತುಂಗಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಈ ಜಿಲ್ಲೆಗೆ ನೀರು ತಂದಿವೆ. ಅದು ಸಂತೋಷದ ಸಂಗತಿ. ಆದರೆ ಎರಡನೆಯ ಬೆಳೆ ನಿಂತ ಹೊಲದಲ್ಲಿ ಕುರಿಗೆ ಜಾಗವಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಸ್ಥಾಪನೆಯಾಯಿತು. ಅದರ ವಿಸ್ತೀರ್ಣ 119 ಚದರ ಕಿಲೋಮೀಟರ್. ಆ ಬಯಲನ್ನು ನಂಬಿದ ವನ್ಯಜೀವಿಗಳ ಅಗತ್ಯವೂ ನ್ಯಾಯವಾದದ್ದೇ. ಹಳೆಯ ದಾರಿ ನಾಲ್ಕು ಪಥಗಳಿಗೂ ಮಿಕ್ಕ ಹೆದ್ದಾರಿಯಾಗಿದೆ. ಹಿಂಡು ಅದನ್ನು ದಾಟುವುದು ಅಪಾಯದ ಕೆಲಸ. ಹೊಲಕ್ಕೆ ಯೂರಿಯಾ ಚೀಲ ಬಂದಿದೆ, ಮನೆಗೆ ಕೃತಕ ಎಳೆಯ ಹೊದಿಕೆ ಬಂದಿದೆ. ಯಾರೂ ಬೇಡವೆನ್ನದೆಯೂ ಒಂದು ವ್ಯವಸ್ಥೆ ಹೀಗೆ ಕರಗಿಹೋಗಬಹುದು.

ಶಿಕ್ಷಕರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡಬಹುದು. ನಿಮ್ಮ ತಾಲ್ಲೂಕಿನ ನಕ್ಷೆಯಲ್ಲಿ ಹಳೆಯ ಕೆರೆ, ಬಾವಿ, ತೋಪು, ಗೋಮಾಳ, ಸಂತೆ ಬಯಲುಗಳನ್ನು ಗುರುತಿಸಿ. ಅವುಗಳ ನಡುವಿನ ದೂರ ಅಳೆಯಿರಿ. ಎತ್ತಿನ ಒಂದು ದಿನದ ನಡಿಗೆಗೆ ಹೋಲಿಸಿ. ಊರಿಗೆ ಕುರಿಗಾಹಿಗಳು ಬಂದಾಗ ಅವರು ಎಲ್ಲಿಂದ ಬಂದರು, ಎಷ್ಟು ದಿನ ನಿಲ್ಲುತ್ತಾರೆ, ಮುಂದೆ ಎಲ್ಲಿಗೆ ಹೋಗುತ್ತಾರೆ ಎಂದು ವಿಚಾರಿಸಿ ಬರೆದಿಡಿ. ಮುಂದೊಂದು ದಿನ ಯಾವ ಬಯಲನ್ನು ಉಳಿಸಬೇಕೆಂಬ ಪ್ರಶ್ನೆ ಗ್ರಾಮಸಭೆಯ ಮುಂದೆ ಬಂದಾಗ, ನಿಮ್ಮ ಆ ನಕ್ಷೆಯೇ ಉಪಯೋಗಕ್ಕೆ ಬಂದೀತು.