ಬ್ರೆಡ್ಡು ಕೇಳಲು ಹೋದವರು

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಷ್ಟು ವರ್ಷವೂ ಫ್ರಾನ್ಸಿನ ಕ್ರಾಂತಿ ಬಂದಾಗಲೆಲ್ಲ ನಾನೊಂದು ಕತೆ ಹೇಳುತ್ತಿದ್ದೆ. ಹಸಿದ ಜನ ಕೂಗಿದರೆ ರಾಣಿ ಮೇರಿ ಆಂಟಾಯ್ನೆಟ್ "ಬ್ರೆಡ್ಡಿಲ್ಲದಿದ್ದರೆ ಕೇಕು ತಿನ್ನಲಿ" ಅಂದಳಂತೆ ಎಂಬ ಕತೆ. ಮಕ್ಕಳು ಗೊಳ್ಳೆಂದು ನಗುತ್ತಿದ್ದರು. ನಿವೃತ್ತಿಯಾದ ಮೇಲೆ ಬಿಡುವಾಗಿ ಓದುತ್ತ ಕೂತಾಗ ತಿಳಿಯಿತು, ಆಕೆ ಹಾಗೆ ಅಂದದ್ದಕ್ಕೆ ಆಧಾರವೇ ಇಲ್ಲ. ಯಾರೋ ಒಬ್ಬ ರಾಜಕುಮಾರಿ ಹೀಗೆ ಅಂದಳೆಂದು ರೂಸೋ ಬರೆದ ಹೊತ್ತಿಗೆ ಈಕೆ ಆಸ್ಟ್ರಿಯಾದಲ್ಲಿ ಆಡಿಕೊಂಡಿದ್ದ ಸಣ್ಣ ಹುಡುಗಿ. ಎಷ್ಟು ತರಗತಿಗಳಿಗೆ ಸುಳ್ಳು ಹೇಳಿಬಿಟ್ಟೆನೋ!

ಅದಕ್ಕಿಂತ ಹೆಚ್ಚು ಚುಚ್ಚುವುದು ನಾನು ಹೇಳದೆ ಬಿಟ್ಟದ್ದು. 1789ರ ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಹೆಂಗಸರು ವರ್ಸೇಲ್ಸ್ ಅರಮನೆಗೆ ನಡೆದು ಹೋದ ಸಂಗತಿ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿತ್ತು. ಪರೀಕ್ಷೆಗೆ ಬರುತ್ತಿರಲಿಲ್ಲ. ಓದಿ ಮುಂದೆ ಹೋಗುತ್ತಿದ್ದೆ.

ನಮಗೆ ಬ್ರೆಡ್ಡೆಂದರೆ ಜ್ವರ ಬಂದವರ ಆಹಾರ. ಹಾಲಿನಲ್ಲಿ ಅದ್ದಿ ತಿನ್ನಿಸುವುದು. ಅವರಿಗೆ ಅದು ನಮ್ಮ ರಾಗಿ, ಅಕ್ಕಿ, ಜೋಳ ಇದ್ದ ಹಾಗೆ. 1788ರ ಜುಲೈ 13ರಂದು ಆನೆಕಲ್ಲು ಮಳೆ ಬಿದ್ದು ಬೆಳೆದು ನಿಂತ ಪೈರು ಎಷ್ಟೋ ಕಡೆ ಮಣ್ಣುಪಾಲಾಯಿತು. ಸಾಮಾನ್ಯವಾಗಿ 8-9 ಸೂ ಇದ್ದ ನಾಲ್ಕು ಪೌಂಡಿನ ಬ್ರೆಡ್ಡು 1789ರ ಫೆಬ್ರವರಿ ಹೊತ್ತಿಗೆ 14½ ಸೂ ಮುಟ್ಟಿತು. ನಾಲ್ಕು ಜನರ ಮನೆಗೆ ದಿನಕ್ಕೆ ಅಂಥವು ಎರಡು ಬೇಕು. ಕೂಲಿ ಮಾಡುವವನ ದಿನದ ಸಂಪಾದನೆ 20ರಿಂದ 30 ಸೂ. ಮನೆಯ ಲೆಕ್ಕ ಬರೆಯುವ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೌದೆ, ಬಾಡಿಗೆ, ಕೂಸಿನ ಬಟ್ಟೆ ಯಾವುದಕ್ಕೂ ಏನೂ ಉಳಿಯದು.

ರಾಜನ ಲೆಕ್ಕವೂ ಕೆಟ್ಟಿತ್ತು. ಅಮೆರಿಕದವರು ಇಂಗ್ಲಿಷರ ಮೇಲೆ ಹೂಡಿದ ಯುದ್ಧಕ್ಕೆ ಸಾಲ ಎತ್ತಿ ದುಡ್ಡು ಸುರಿದು, ಕೊನೆಗೆ ವರ್ಷದ ಖರ್ಚಿನಲ್ಲಿ ಅರ್ಧದಷ್ಟು ಸಾಲಕ್ಕೇ ಹೋಗುವಂತಾಯಿತು. ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದಿಂದ ಕಳಿಸಿದ ಮೂವರು ರಾಯಭಾರಿಗಳನ್ನು ಹದಿನಾರನೇ ಲೂಯಿ ವರ್ಸೇಲ್ಸಿನಲ್ಲಿ ವೈಭವದಿಂದ ಬರಮಾಡಿಕೊಂಡದ್ದು 1788ರ ಆಗಸ್ಟ್‌ನಲ್ಲಿ. ಅದೇ ತಿಂಗಳು ಅವನ ಖಜಾನೆ ಪಾವತಿ ನಿಲ್ಲಿಸಿತು. ನಮ್ಮವರು ಸಹಾಯ ಕೇಳಲು ಹೋದದ್ದು ದಿವಾಳಿಯೆದ್ದ ಮನೆಗೆ! ತೆರಿಗೆಯ ಭಾರವೆಲ್ಲ ರೈತರ ಮೇಲೆ. ಶ್ರೀಮಂತ ಮನೆತನಗಳಿಗೂ ಪಾದ್ರಿಗಳಿಗೂ ಬಹುಪಾಲು ವಿನಾಯಿತಿ. ಉಪ್ಪಿನ ಮೇಲೂ ಕರ. ದೇಶದ ಎಷ್ಟೋ ಪ್ರಾಂತಗಳಲ್ಲಿ ಎಂಟು ವರ್ಷ ದಾಟಿದ ಪ್ರತಿಯೊಬ್ಬರೂ ವರ್ಷಕ್ಕೆ ಸುಮಾರು 7 ಕಿಲೋ ಉಪ್ಪನ್ನು ಸರ್ಕಾರದ ಬೆಲೆಗೆ ಕೊಳ್ಳಲೇಬೇಕಿತ್ತು. 1930ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪು ಮಾಡಿದವರಿಗೆ ಈ ಸಿಟ್ಟು ಅರ್ಥವಾಗುತ್ತಿತ್ತು.

ಜುಲೈ 14ರಂದು ಬಾಸ್ಟೀಲ್ ಬಿತ್ತು. ಆಗಸ್ಟ್‌ನಲ್ಲಿ ಜಮೀನ್ದಾರಿ ಹಕ್ಕುಗಳ ರದ್ದತಿ, ಮಾನವ ಹಕ್ಕುಗಳ ಘೋಷಣೆ ಎರಡೂ ಆದವು. ರಾಜ ಮಾತ್ರ ಒಪ್ಪಿಗೆ ಕೊಡದೆ ಮುಂದೂಡುತ್ತಲೇ ಇದ್ದ. ಸುಗ್ಗಿ ಚೆನ್ನಾಗಿಯೇ ಆಗಿತ್ತು. ಹೊಳೆ ಬತ್ತಿ ಹಿಟ್ಟಿನ ಗಿರಣಿ ತಿರುಗಲಿಲ್ಲ. ಬ್ರೆಡ್ಡಿನಂಗಡಿಗಳ ಮುಂದೆ ಬೆಳಕು ಹರಿಯುವ ಮೊದಲೇ ಸಾಲು.

ಈ ಸಾಲು ನನಗೆ ಗೊತ್ತು. 1966ರ ಬರದಲ್ಲಿ ಅಮೆರಿಕದಿಂದ ಬಂದ ಕೆಂಪು ಜೋಳಕ್ಕೆ ಅಮ್ಮನ ಜೊತೆ ನಿಂತಿದ್ದೆ. ಅಂಗಡಿಯವನು ಮೂರು ದಿನ "ಇನ್ನೂ ಬಂದಿಲ್ಲ" ಅಂದ. ನಾಲ್ಕನೆಯ ದಿನ ಸಾಲಿನಲ್ಲಿದ್ದ ಸೊಪ್ಪು ಮಾರುವಾಕೆ, "ಬನ್ರವ್ವಾ, ಅಮಲ್ದಾರರನ್ನೇ ಕೇಳಣ" ಎಂದು ಹೊರಟಳು. ಹೆಂಗಸರೆಲ್ಲ ಖಾಲಿ ಚೀಲ ಹಿಡಿದು ಹಿಂದೆ ನಡೆದರು. ಬೀದಿಯಲ್ಲಿ ತಲೆಯೆತ್ತಿ ನಡೆಯದ ನನ್ನಮ್ಮನೂ! ಸಂಜೆಗೆ ಜೋಳ ಸಿಕ್ಕಿತು. ಮನೆ ಹತ್ತಿರ ಬಂದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಅಪ್ಪಂಗೆ ಹೇಳ್ಬೇಡ ಕಣೇ."

ಪ್ಯಾರಿಸ್ಸಿನಲ್ಲೂ ಹೊರಟವರು ಸಂತೆಯವರೇ. ಮೀನು ಮಾರುವವರು, ತರಕಾರಿ ಮಾರುವವರು, ಬಟ್ಟೆ ಒಗೆಯುವವರು. ಗಂಟೆ ಬಾರಿಸಿ ಜನ ಸೇರಿಸಿ, ನಗರ ಸಭೆಯ ಕಟ್ಟಡಕ್ಕೆ ನುಗ್ಗಿ ಆಯುಧ ತೆಗೆದುಕೊಂಡು, ಫಿರಂಗಿ ಎಳೆದುಕೊಂಡು, ಆರೇಳು ಸಾವಿರ ಹೆಂಗಸರು ಮಳೆಯಲ್ಲಿ ಸುಮಾರು 20 ಕಿಲೋಮೀಟರ್ ನಡೆದರು. ರಾಜ ಬೇಟೆಗೆ ಹೋಗಿದ್ದ. ಅವನ ಮುಂದೆ ಮಾತಾಡಲು ಹೋದ ಹದಿನೇಳರ ಹುಡುಗಿ ಲೂಯಿಸನ್ ಶಾಬ್ರಿ ಎಚ್ಚರ ತಪ್ಪಿ ಬಿದ್ದಳು. ಆ ಸಂಜೆಯೇ ಅವನು ಧಾನ್ಯ ಕಳಿಸುವೆನೆಂದ. ಎರಡು ತಿಂಗಳು ಮುಂದೂಡಿದ್ದ ಆ ಕಾಗದಗಳಿಗೂ ಒಪ್ಪಿಗೆ ಕೊಟ್ಟ. ಬೆಳಗಾಗುವಾಗ ಗುಂಪು ಅರಮನೆಗೆ ನುಗ್ಗಿ ಕಾವಲುಗಾರರಿಬ್ಬರ ತಲೆ ಕಡಿದು ಈಟಿಗೆ ಸಿಕ್ಕಿಸಿತು. ಇದನ್ನು ಮುಚ್ಚಿಟ್ಟು ಬರೆದರೆ ಕೇಕಿನ ಕತೆಯ ಹಾಗೆ ಅದೂ ಸುಳ್ಳೇ. ಮಧ್ಯಾಹ್ನ ರಾಜ, ರಾಣಿ, ಮಗು ಪ್ಯಾರಿಸ್ಸಿಗೆ ಹೊರಟರು. ಅವರು ವರ್ಸೇಲ್ಸಿಗೆ ಮತ್ತೆ ಮರಳಲಿಲ್ಲ.

ಮುಂದಿನದು ಪುಸ್ತಕಗಳಲ್ಲಿದೆ. 1792ರಲ್ಲಿ ಗಣರಾಜ್ಯ, ಮರುವರ್ಷ ರಾಜನಿಗೂ ರಾಣಿಗೂ ಗಿಲೊಟಿನ್, ಆಮೇಲೆ ನೆಪೋಲಿಯನ್. ನಡೆದು ಹೋದ ಹೆಂಗಸರಿಗೆ ಏನು ಸಿಕ್ಕಿತು? ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಬಂತು, 1792ರಲ್ಲಿ ವಿಚ್ಛೇದನದ ಹಕ್ಕು ಬಂತು. ಇವು ಸಣ್ಣ ಮಾತಲ್ಲ. ಆದರೆ ಹೆಣ್ಣಿಗೂ ಈ ಹಕ್ಕುಗಳೆಲ್ಲ ಸಲ್ಲಬೇಕೆಂದು 1791ರಲ್ಲಿ ಬರೆದ ಒಲಿಂಪ್ ದ ಗೂಜ್ 1793ರ ನವೆಂಬರ್‌ನಲ್ಲಿ ಗಿಲೊಟಿನ್ನಿಗೆ ಹೋದಳು. ಅದಕ್ಕೆ ಕೆಲವೇ ದಿನ ಮೊದಲು ಹೆಂಗಸರ ಸಂಘಗಳನ್ನೇ ಮುಚ್ಚಿದ್ದರು. 1795ರ ಮೇ ತಿಂಗಳಲ್ಲಿ ಮತ್ತೆ ಬ್ರೆಡ್ಡು ಕೇಳಿ ಹೆಂಗಸರು ಬೀದಿಗಿಳಿದರೆ, ಐವರಿಗಿಂತ ಹೆಚ್ಚು ಹೆಂಗಸರು ಬೀದಿಯಲ್ಲಿ ಗುಂಪು ಸೇರಬಾರದೆಂದು ಆಜ್ಞೆಯಾಯಿತು. 1804ರ ನೆಪೋಲಿಯನ್ ಕಾನೂನು ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂದು ಬರೆದಿಟ್ಟಿತು. ವಿಚ್ಛೇದನವೂ 1816ರಲ್ಲಿ ಹೋಗಿ 1884ರಲ್ಲಿ ತಿರುಗಿ ಬಂತು. ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯಲು 1965ರವರೆಗೆ ಕಾಯಬೇಕಾಯಿತು. ರಾಜನನ್ನೇ ಊರಿಗೆ ಕರೆತಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಮೊದಲ ಸಲ ಓಟು ಹಾಕಿದ್ದು 1945ರ ಏಪ್ರಿಲ್‌ನಲ್ಲಿ.

ನಾವು ಅದೃಷ್ಟವಂತರು, 1951-52ರ ಮೊದಲ ಮಹಾಚುನಾವಣೆಯಿಂದಲೇ ನಮಗೆ ಓಟಿತ್ತು ಎಂದು ನಾನು ಬೀಗುವುದುಂಟು. ಆ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತಂತೆ. ಬಹುಪಾಲು ಉತ್ತರದ ಪ್ರಾಂತಗಳಲ್ಲಿ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿ, ಸ್ವಂತ ಹೆಸರು ಹೇಳದೆ ಹೋದದ್ದಕ್ಕೆ.

ಅಮ್ಮ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಹಳೆಯ ರೇಷನ್ ಕಾರ್ಡು ಸಿಕ್ಕಿತು. ಅದರ ಮೇಲೂ ಇದ್ದದ್ದು ಅಪ್ಪನ ಹೆಸರೊಂದೇ. ಒಳಗೆ, ಪುಟದ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ ಅವಳ ಕೈಬರಹ: "ಜೋಳ ಸಿಕ್ಕಿತು." ತಾರೀಖೂ ಹಾಕಿದ್ದಳು.